ಟ್ರಾವೆಲ್ ಟ್ರೇಲರ್ ಎಳೆಯಲು ಯಾವ ಗಾಡಿ? ಬ್ರೋಷರ್ ಪಕ್ಕಕ್ಕಿಡಿ, ಬಾಗಿಲಿನ ಸ್ಟಿಕ್ಕರ್ ಓದಿ

ಅಮೆರಿಕದಲ್ಲಿರುವ ನಮ್ಮವರಿಗೆ ಟ್ರೇಲರ್ ಆಸೆ ಹುಟ್ಟುವುದು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ಸ್ಕೂಲ್ ಇಲ್ಲ. ಯೆಲ್ಲೋಸ್ಟೋನ್ ಹತ್ತಿರ ಎರಡು ಹೋಟೆಲ್ ರೂಮಿನ ಬೆಲೆ ನೋಡಿ ಎದೆ ಧಸಕ್ಕೆನ್ನುತ್ತದೆ. ಅದೂ ಅಲ್ಲದೆ ಅಮ್ಮನಿಗೆ ಮೂರು ಹೊತ್ತೂ ಹೊರಗಿನ ಊಟ ಆಗುವುದಿಲ್ಲ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಒಂದು ಪುಟ್ಟ ಮನೆಯನ್ನೇ ಹಿಂದೆ ಕಟ್ಟಿಕೊಂಡು ಹೋದರೆ ಹೇಗೆ ಅನ್ನಿಸುತ್ತದೆ.

ಆಮೇಲೆ ಬರುವ ಪ್ರಶ್ನೆ ಎಲ್ಲರದೂ ಒಂದೇ: "ನಮ್ಮ ಎಸ್‌ಯುವಿ 5,000 ಪೌಂಡ್ ಎಳೆಯುತ್ತದಂತೆ. ಈ ಟ್ರೇಲರ್ 3,800 ಪೌಂಡ್. ಸಾಕಲ್ವಾ?"

ಬಹಳಷ್ಟು ಸಲ ಸಾಕಾಗುವುದಿಲ್ಲ. ಎಂಜಿನ್‌ಗೆ ಶಕ್ತಿ ಇಲ್ಲವೆಂದಲ್ಲ. ಎಳೆಯುವ ಮಿತಿ ಮುಟ್ಟುವ ಎಷ್ಟೋ ಮೊದಲೇ ಹೊರುವ ಮಿತಿ ಮುಗಿದಿರುತ್ತದೆ, ಅದಕ್ಕೆ. ಈ ಎರಡರ ನಡುವಿನ ವ್ಯತ್ಯಾಸ ಹಿಡಿದುಕೊಂಡರೆ ಗಾಡಿ ಆರಿಸುವ ಕೆಲಸ ಮುಕ್ಕಾಲು ಪಾಲು ಆದ ಹಾಗೆ.

ಮೊದಲು ಟ್ರೇಲರ್, ಆಮೇಲೆ ಗಾಡಿ

ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ಚೆಂದದ ಗಾಡಿ ಕೊಳ್ಳುತ್ತಾರೆ, ಆಮೇಲೆ ಟ್ರೇಲರ್ ಶೋರೂಮಿಗೆ ಹೋಗಿ ಆಸೆಪಟ್ಟದ್ದು ಎಳೆಯಲಾಗದೆ ಒದ್ದಾಡುತ್ತಾರೆ. ಕೊಳ್ಳುವುದು ಯಾವುದನ್ನು ಬೇಕಾದರೂ ಮೊದಲು ಕೊಳ್ಳಿ, ಆದರೆ ಕಾಗದದ ಮೇಲಾದರೂ ಟ್ರೇಲರ್ ಮೊದಲು ಗೊತ್ತಾಗಲಿ.

ಟ್ರೇಲರ್ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಡ್ರೈ ವೇಟ್. ಅಂದರೆ ಕಾರ್ಖಾನೆಯಿಂದ ಹೊರಬಂದಾಗಿನ ಖಾಲಿ ತೂಕ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಡೀಲರ್ ಹಾಕುವ ಬ್ಯಾಟರಿ ಅದರಲ್ಲಿ ಸೇರಿರುವುದಿಲ್ಲ. ನೀರಂತೂ ಇಲ್ಲವೇ ಇಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡ್ ಏರಿತು. ಮೇಲೆ ಗ್ಯಾಸ್, ಪಾತ್ರೆ, ಹಾಸಿಗೆ ಬಟ್ಟೆ, ಮಡಚುವ ಕುರ್ಚಿ. ನಮ್ಮವರಾದರೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಮತ್ತು ಎರಡು ಕುಕ್ಕರ್ ಬೇರೆ.

ಲೆಕ್ಕಕ್ಕೆ ಹಿಡಿಯಬೇಕಾದ್ದು ಜಿವಿಡಬ್ಲ್ಯುಆರ್ ಎಂಬ ಅಂಕಿ. ಎಲ್ಲ ತುಂಬಿದ ಮೇಲೆ ಆ ಟ್ರೇಲರ್ ಎಷ್ಟು ತೂಗಬಹುದು ಎಂಬ ಗರಿಷ್ಠ ಮಿತಿ ಅದು. ಟ್ರೇಲರಿನ ಎಡಗಡೆ, ಮುಂಭಾಗದ ಹೊರಗೋಡೆಗೆ ಅಂಟಿಸಿದ ಲೇಬಲ್‌ನಲ್ಲಿ ಬರೆದಿರುತ್ತದೆ. "ನಾವು ಅಷ್ಟೆಲ್ಲ ತುಂಬಲ್ಲ" ಎನ್ನುತ್ತಾ ಹೊರಟವರೂ ಮೂರನೇ ವರ್ಷಕ್ಕೆ ಅಷ್ಟನ್ನು ತುಂಬಿರುತ್ತಾರೆ. ಹಾಗಾಗಿ ಲೆಕ್ಕವನ್ನು ಜಿವಿಡಬ್ಲ್ಯುಆರ್‌ನಿಂದಲೇ ಶುರು ಮಾಡಿ.

ಬ್ರೋಷರಿನ ನಂಬರ್ ಸುಳ್ಳಲ್ಲ, ಆದರೆ ನಿಮ್ಮದಲ್ಲ

ಒಂದು ಕಾಲದಲ್ಲಿ ಪ್ರತಿ ಕಂಪನಿಯೂ ತನಗೆ ತೋಚಿದ ಹಾಗೆ ಟೋಯಿಂಗ್ ಮಿತಿ, ಅಂದರೆ ಎಳೆಯುವ ಮಿತಿ, ಬರೆದುಕೊಳ್ಳುತ್ತಿತ್ತು. 2008ರಲ್ಲಿ ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆ ಜೆ2807 ಎಂಬ ಮಾನದಂಡ ತಂದಿತು. ಮೊದಲು ಒಪ್ಪಿಕೊಂಡದ್ದು ಟೊಯೋಟಾ. ಉಳಿದ ದೊಡ್ಡ ಕಂಪನಿಗಳು ನಿಧಾನವಾಗಿ ಹಿಂದೆ ಬಂದವು.

ಪರೀಕ್ಷೆ ಸುಲಭದ್ದೇನಲ್ಲ. ಅರಿಜೋನಾದ ಬುಲ್‌ಹೆಡ್ ಸಿಟಿ ಹತ್ತಿರ ಡೇವಿಸ್ ಡ್ಯಾಮ್ ಏರು ಎಂಬ ರಸ್ತೆ ಇದೆ. ಮರುಭೂಮಿಯ ಸುಡು ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿಕೊಂಡು, 11.4 ಮೈಲಿ ಉದ್ದದ ಆ ಏರನ್ನು ಹತ್ತಬೇಕು. ಸಾಮಾನ್ಯ ಗಾಡಿಗಳ ವೇಗ 40 ಮೈಲಿಗಿಂತ ಕೆಳಗೆ ಇಳಿಯಬಾರದು, ಎಂಜಿನ್ ಕಾಯಬಾರದು. ಇದರ ಜೊತೆ ಬ್ರೇಕು, ತಿರುವು, ನಿಂತಲ್ಲಿಂದ ವೇಗ ಹಿಡಿಯುವುದು ಎಲ್ಲಕ್ಕೂ ಪರೀಕ್ಷೆ ಇದೆ.

ಆದರೆ ಆ ಗಾಡಿಯಲ್ಲಿ ಕೂತಿರುವವರು ಇಬ್ಬರು ಎಂದು ಲೆಕ್ಕ. ತಲಾ 150 ಪೌಂಡ್. ಸಾಮಾನು ಹೆಚ್ಚುಕಡಿಮೆ ಇಲ್ಲ. ನಿಮ್ಮ ಗಾಡಿಯಲ್ಲಿ ಆರು ಜನ, ಹಿಂದೆ ಸೂಟ್‌ಕೇಸು, ಮೇಲೊಂದು ರೂಫ್ ಬಾಕ್ಸ್. ಬ್ರೋಷರಿನ 5,000 ನಿಮ್ಮ ಸಂಸಾರಕ್ಕೆ ಬರೆದದ್ದಲ್ಲ. ಕೆಲವು ಕಂಪನಿಗಳ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಜನ ಹೆಚ್ಚಾದಂತೆ ಟೋಯಿಂಗ್ ಮಿತಿ ಎಷ್ಟು ಇಳಿಯುತ್ತದೆ ಎಂಬ ಪಟ್ಟಿಯೇ ಇರುತ್ತದೆ. ಅದನ್ನು ಹುಡುಕಿ ಓದಿ.

ಹಳದಿ ಸ್ಟಿಕ್ಕರ್

ಡ್ರೈವರ್ ಬಾಗಿಲು ತೆರೆದರೆ ಒಳಗಿನ ಕಂಬದ ಮೇಲೆ ಒಂದು ಬಿಳಿ–ಹಳದಿ ಸ್ಟಿಕ್ಕರ್ ಕಾಣುತ್ತದೆ. ಟೈರ್‌ಗೆ ಎಷ್ಟು ಗಾಳಿ ಎಂದು ನೋಡಲು ನಾವೆಲ್ಲ ನೋಡುವುದು ಅದನ್ನೇ. ಅದರಲ್ಲೇ ಇನ್ನೊಂದು ಸಾಲಿದೆ: ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಪೌಂಡ್ ಮೀರಬಾರದು. ಇದೇ ಪೇಲೋಡ್. ಬ್ರೋಷರ್ ಅಂಕಿಯ ಹಾಗಲ್ಲ, ಇದು ಕಾರ್ಖಾನೆಯಿಂದ ಬಂದ ಆ ಒಂದು ಗಾಡಿಗೇ ಲೆಕ್ಕ ಹಾಕಿ ಅಂಟಿಸಿದ್ದು. ಒಂದೇ ಮಾಡೆಲ್, ಒಂದೇ ಬಣ್ಣ, ಪಕ್ಕಪಕ್ಕ ನಿಂತ ಎರಡು ಗಾಡಿಗಳಲ್ಲೂ ಅಂಕಿ ಬೇರೆ ಇರಬಹುದು.

ಟ್ರೇಲರಿಗೂ ಪೇಲೋಡ್‌ಗೂ ಏನು ಸಂಬಂಧ ಅನ್ನುತ್ತೀರಾ? ಟ್ರೇಲರಿನ ಭಾರವೆಲ್ಲ ಅದರ ಚಕ್ರಗಳ ಮೇಲೆ ಕೂರುವುದಿಲ್ಲ. ಮುಂದಿನ ಮೂತಿ ನಿಮ್ಮ ಗಾಡಿಯ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಕೂತು ಕೆಳಕ್ಕೆ ಒತ್ತುತ್ತದೆ. ಆ ಒತ್ತುವ ಭಾರವೇ ಟಂಗ್ ವೇಟ್. ಟ್ರಾವೆಲ್ ಟ್ರೇಲರುಗಳಲ್ಲಿ ಇದು ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. ಲೆಕ್ಕಕ್ಕೆ 13 ಇಟ್ಟುಕೊಳ್ಳಿ. ಇದು ನಿಮ್ಮ ಗಾಡಿ ಎಳೆಯುವ ಭಾರವಲ್ಲ, ಹೊರುವ ಭಾರ. ಪೇಲೋಡ್‌ನಿಂದ ಇದನ್ನೂ ಕಳೆಯಬೇಕು.

ಮೂರು ಸಾಲು ಸೀಟಿನ ಒಂದು ಮಧ್ಯಮ ಎಸ್‌ಯುವಿ ತೆಗೆದುಕೊಳ್ಳೋಣ. ಟೋಯಿಂಗ್ ಮಿತಿ 5,000, ಸ್ಟಿಕ್ಕರ್‌ನಲ್ಲಿ ಪೇಲೋಡ್ 1,350 ಪೌಂಡ್ ಎಂದಿಟ್ಟುಕೊಳ್ಳಿ. ಟ್ರೇಲರ್ ಡ್ರೈ ವೇಟ್ 3,800, ಜಿವಿಡಬ್ಲ್ಯುಆರ್ 4,800.

ನೀವಿಬ್ಬರು, ಅಪ್ಪ ಅಮ್ಮ: ನಾಲ್ಕು ಜನ, ತಲಾ 150 ಅಂದರೆ 600. ಇಬ್ಬರು ಮಕ್ಕಳು, ತಲಾ 70, ಒಟ್ಟು 140. ಅಲ್ಲಿಗೆ 740 ಹೋಯಿತು, ಉಳಿದದ್ದು 610. ಭಾರ ಹಂಚುವ ಹಿಚ್ (ವಿವರ ಮುಂದಿದೆ) ಸಾಮಾನೇ 80 ಪೌಂಡ್ ಆಸುಪಾಸು, ಉಳಿದದ್ದು 530. ಟ್ರೇಲರಿನ ಟಂಗ್ ವೇಟ್, 4,800ರ 13 ಶೇಕಡಾ, 624.

ಸಾಲ ಬಿತ್ತು. ಒಂದು ಚೀಲವನ್ನೂ ಗಾಡಿಗೆ ಹಾಕುವ ಮೊದಲೇ 94 ಪೌಂಡ್ ಜಾಸ್ತಿ. ಎಳೆಯುವ ಮಿತಿಯಲ್ಲಿ ಮಾತ್ರ ಇನ್ನೂ 200 ಪೌಂಡ್ ಬಾಕಿ ಇದೆ! ಸಾಲದ್ದಕ್ಕೆ 5,000 ಪೌಂಡ್ ಎಳೆಯುವ ಗಾಡಿಗಳಲ್ಲಿ ಟಂಗ್ ವೇಟ್ ಮಿತಿ ಬಹಳ ಸಲ 500 ಮಾತ್ರ. ಅಲ್ಲೂ ದಾಟಿದೆವು.

ಇದೇ ಸಂಸಾರ, ಇದೇ ಟ್ರೇಲರ್, 1,700 ಪೌಂಡ್ ಪೇಲೋಡ್ ಇರುವ ದೊಡ್ಡ ಎಸ್‌ಯುವಿ ಆದರೆ 256 ಪೌಂಡ್ ಸಾಮಾನಿಗೆ ಉಳಿಯುತ್ತದೆ. ಬದುಕಬಹುದು.

ಈ ಲೆಕ್ಕ ನಿಮ್ಮ ಮನೆಯ ತೂಕ ಹಾಕಿ ಮಾಡಿ. ಈಗಿನ ತೂಕ, ಮದುವೆ ಫೋಟೋ ಕಾಲದ್ದಲ್ಲ. ನಾಯಿ ಇದ್ದರೆ ಅದನ್ನೂ ಸೇರಿಸಿ. ಫುಟ್‌ಬೋರ್ಡ್, ರೂಫ್ ಬಾಕ್ಸ್, ಪಿಕಪ್ಪಿನ ಮುಚ್ಚಳ, ಹೀಗೆ ಆಮೇಲೆ ಹಾಕಿಸಿದ್ದೆಲ್ಲ ಪೇಲೋಡ್‌ನಿಂದಲೇ ಕಳೆಯುತ್ತದೆ.

ಇನ್ನೊಂದು ಮಿತಿ ಜಿಸಿಡಬ್ಲ್ಯುಆರ್: ಗಾಡಿ, ಟ್ರೇಲರ್, ಜನ, ಸಾಮಾನು ಎಲ್ಲ ಸೇರಿ ಎಷ್ಟು ಎಂಬುದು. ಇದು ಬಾಗಿಲಲ್ಲಿ ಇರುವುದಿಲ್ಲ, ಮ್ಯಾನ್ಯುಯಲ್ ಅಥವಾ ಕಂಪನಿಯ ಟೋಯಿಂಗ್ ಗೈಡ್‌ನಲ್ಲಿ ಸಿಗುತ್ತದೆ.

"ಹಾಗಾದರೆ ಭಾರವನ್ನು ಹಿಂದಕ್ಕೆ ಸರಿಸಿದರೆ ಆಯ್ತಲ್ಲ?"

ಲೆಕ್ಕ ತಾಳೆಯಾಗದಾಗ ಎಲ್ಲರಿಗೂ ಹೊಳೆಯುವ ಜಾಣತನ ಇದು. ಸಾಮಾನೆಲ್ಲ ಟ್ರೇಲರಿನ ಹಿಂಬದಿಗೆ ತುಂಬಿದರೆ ಟಂಗ್ ವೇಟ್ ಇಳಿಯುತ್ತದೆ, ನಿಜ. ಆದರೆ ದಯವಿಟ್ಟು ಮಾಡಬೇಡಿ.

ಎತ್ತಿನ ಗಾಡಿಗೆ ಹುಲ್ಲು ಹೇರುವವರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಗಾಡಿ ಎತ್ತಿನ ಹಿಡಿತಕ್ಕೆ ಸಿಗುವುದಿಲ್ಲ. ಮುಂಭಾರ ಅತಿಯಾದರೆ ಎತ್ತಿನ ಕತ್ತು ಬೀಳುತ್ತದೆ. ಟ್ರೇಲರೂ ಅಷ್ಟೇ. ಟಂಗ್ ವೇಟ್ 10 ಶೇಕಡಾಕ್ಕಿಂತ ಕೆಳಗಿಳಿದರೆ ಹೈವೇ ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಇದಕ್ಕೆ ಸ್ವೇ ಅನ್ನುತ್ತಾರೆ. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದಾಗ ಬರುವ ಗಾಳಿಯ ಒಂದು ತಳ್ಳು ಸಾಕು. ಒಮ್ಮೆ ಜೋರಾದರೆ ಬಾಲವೇ ಗಾಡಿಯನ್ನು ಓಡಿಸುತ್ತದೆ. ಹಾಗಾದಾಗ ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕ್ ಮಾತ್ರ ಅದರ ಕಂಟ್ರೋಲರಿನಿಂದ ಕೈಯಲ್ಲಿ ಒತ್ತಬೇಕು. ಗಾಡಿಯ ಬ್ರೇಕ್ ಗಟ್ಟಿಯಾಗಿ ತುಳಿದರೆ ಕೆಲಸ ಕೆಡುತ್ತದೆ.

ಗಾಡಿ ಆರಿಸುವಾಗ ಇದಕ್ಕೆ ಸಂಬಂಧಪಟ್ಟ ಇನ್ನೊಂದು ವಿಷಯ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ. ಉದ್ದ ಇದ್ದಷ್ಟೂ ಟ್ರೇಲರಿನ ತಳ್ಳಾಟಕ್ಕೆ ಗಾಡಿ ಜಗ್ಗುವುದಿಲ್ಲ. 110 ಇಂಚಿನ ವೀಲ್‌ಬೇಸ್‌ಗೆ 20 ಅಡಿ ಟ್ರೇಲರ್, ಮುಂದಿನ ಪ್ರತಿ ಅಡಿಗೆ ಇನ್ನು 4 ಇಂಚು ಎಂಬ ಬಾಯಿಲೆಕ್ಕ ಕ್ಯಾಂಪಿನವರಲ್ಲಿ ಓಡಾಡುತ್ತದೆ. ಇದು ನಿಯಮವಲ್ಲ. ಅಂದಾಜಿಗೆ ಸಾಕು.

ಯಾವ ಗಾಡಿಗೆ ಯಾವ ಟ್ರೇಲರ್

ಕನ್ನಡ ಕೂಟದ ಕಾರ್ಯಕ್ರಮದ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿದರೆ ಕಾಣುವುದು ಸಿಯೆನ್ನಾ ಮತ್ತು ಒಡಿಸ್ಸಿ ಮಿನಿವ್ಯಾನುಗಳು. ಎರಡರ ಮಿತಿಯೂ 3,500 ಪೌಂಡ್. ಇವುಗಳಿಂದ ಏನೂ ಆಗುವುದಿಲ್ಲ ಎಂದು ಡೀಲರ್ ಹೇಳಿದರೆ ನಂಬಬೇಡಿ. ಕಣ್ಣೀರಿನ ಹನಿಯ ಆಕಾರದ ಟಿಯರ್‌ಡ್ರಾಪ್, ಬಿಚ್ಚಿ ಏರಿಸುವ ಪಾಪ್‌ಅಪ್, ಸ್ಕ್ಯಾಂಪ್‌ನಂಥ 13 ಅಡಿಯ ಫೈಬರ್‌ಗ್ಲಾಸ್ ಟ್ರೇಲರ್ ಇವಕ್ಕೆ ಒಪ್ಪುತ್ತವೆ. ನಾಲ್ಕು ಜನರ ಸಂಸಾರಕ್ಕೆ, ವರ್ಷಕ್ಕೆ ಮೂರ್ನಾಲ್ಕು ಸಲ ಹತ್ತಿರದ ಸ್ಟೇಟ್ ಪಾರ್ಕಿಗೆ ಹೋಗುವುದಾದರೆ ಹೊಸ ಗಾಡಿಯ ಸಾಲ ಯಾಕೆ? ಇರುವ ಗಾಡಿಗೆ ತಕ್ಕ ಟ್ರೇಲರ್ ಹುಡುಕುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

ಪೈಲಟ್, ಟೆಲ್ಯುರೈಡ್, ಹೈಲ್ಯಾಂಡರ್ ಗುಂಪಿನ ಎಸ್‌ಯುವಿಗಳು 5,000ದವು. ಇಲ್ಲೂ ಹುಷಾರು: ಪೈಲಟ್ ಆಲ್ ವೀಲ್ ಡ್ರೈವ್ ಆದರೆ 5,000, ಎರಡೇ ಚಕ್ರಕ್ಕೆ ಶಕ್ತಿ ಹೋಗುವುದಾದರೆ 3,500. ಹೈಲ್ಯಾಂಡರ್ ಹೈಬ್ರಿಡ್ ಆದರೂ 3,500ಕ್ಕೆ ಇಳಿಯುತ್ತದೆ. ಹೆಸರು ನೋಡಿ ಕೊಳ್ಳಬೇಡಿ. ಈ ಗುಂಪಿಗೆ 3,500ರಿಂದ 4,000 ಪೌಂಡ್ ಜಿವಿಡಬ್ಲ್ಯುಆರ್ ದಾಟದ ಟ್ರೇಲರ್ ನೆಮ್ಮದಿ.

ಅಜ್ಜ ಅಜ್ಜಿ ಸಮೇತ ಆರು ಜನ, ಬಂಕ್ ಬೆಡ್ ಇರುವ 24–26 ಅಡಿ ಟ್ರೇಲರ್ ಅಂದರೆ ಟಾಹೊ, ಸಬರ್ಬನ್, ಎಕ್ಸ್‌ಪೆಡಿಷನ್ ಥರದ ದೊಡ್ಡ ಎಸ್‌ಯುವಿ ಅಥವಾ ಪೂರ್ತಿ ಗಾತ್ರದ ಪಿಕಪ್ ಬೇಕು. ಸರಿಯಾದ ಟೋ ಪ್ಯಾಕೇಜ್ (ಎಳೆಯಲು ಕಾರ್ಖಾನೆಯೇ ಜೋಡಿಸುವ ಸಲಕರಣೆ) ಇದ್ದರೆ ಟಾಹೊ 8,000 ಪೌಂಡ್ ದಾಟುತ್ತದೆ, ಎಕ್ಸ್‌ಪೆಡಿಷನ್ 9,000. ಆದರೂ ಕೊನೆಗೆ ಮಾತಾಡುವುದು ಹಳದಿ ಸ್ಟಿಕ್ಕರ್ರೇ.

ಪಿಕಪ್‌ನಲ್ಲಿ ಒಂದು ವಿಚಿತ್ರ ಇದೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಪೇಲೋಡ್ ಕಡಿಮೆ. ಗಾಜಿನ ಛಾವಣಿ, ಮಸಾಜ್ ಸೀಟು, ತಾನೇ ಇಳಿಯುವ ಮೆಟ್ಟಿಲು ಎಲ್ಲ ತೂಕವೇ ಅಲ್ವಾ? ಎಫ್‌-150, ರ‍್ಯಾಮ್ 1500 ಥರದ ಟ್ರಕ್ಕುಗಳ ಐಷಾರಾಮಿ ಮಾಡೆಲ್‌ಗಿಂತ ಕೆಳಗಿನ ಸಾದಾ ಮಾಡೆಲ್ಲೇ ಹೆಚ್ಚು ಹೊರುತ್ತದೆ. ಇನ್ನೂ ದೊಡ್ಡ ಎಫ್‌-250 ವರ್ಗದವು ಹೊರುವುದರಲ್ಲಿ ಗಟ್ಟಿಗ, ಆದರೆ ದಿನಾ ಆಫೀಸಿಗೆ ಓಡಿಸಲು ಒರಟು. ನಗರದ ಹೊರವಲಯದ ಮನೆಗಳ ಗ್ಯಾರೇಜಿಗೆ ಹೆಚ್ಚಿನವು ಹಿಡಿಸುವುದೂ ಇಲ್ಲ. ಅಂದ ಹಾಗೆ, ನಿಮ್ಮ ಬಡಾವಣೆಯ ಎಚ್‌ಒಎ (ಮನೆಮಾಲೀಕರ ಸಂಘ) ಟ್ರೇಲರನ್ನು ಮನೆ ಮುಂದೆ ನಿಲ್ಲಿಸಲು ಬಿಡುತ್ತದಾ ಎಂದು ಈಗಲೇ ಕೇಳಿ. ಬಹಳ ಕಡೆ ಬಿಡುವುದಿಲ್ಲ. ಆಗ ತಿಂಗಳ ಸ್ಟೋರೇಜ್ ಬಾಡಿಗೆಯನ್ನೂ ಬಜೆಟ್‌ಗೆ ಸೇರಿಸಬೇಕಾಗುತ್ತದೆ.

ಎಲೆಕ್ಟ್ರಿಕ್ ಗಾಡಿಗಳಿಗೆ ಎಳೆಯುವ ಶಕ್ತಿ ಬೇಕಾದಷ್ಟಿದೆ. ಟೆಸ್ಲಾ ಮಾಡೆಲ್ ವೈ 3,500, ರಿವಿಯನ್ ಆರ್‌1ಟಿ 11,000 ಪೌಂಡ್. ತೊಂದರೆ ಇರುವುದು ದೂರದಲ್ಲಿ. ಎತ್ತರದ ಟ್ರೇಲರ್ ಕಟ್ಟಿದರೆ ಒಂದು ಚಾರ್ಜಿಗೆ ಓಡುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಚಾರ್ಜಿಂಗ್ ಜಾಗಗಳಲ್ಲಿ ಹೆಚ್ಚಿನವು ಕಾರು ಮಾತ್ರ ನಿಲ್ಲುವಷ್ಟಿವೆ, ಹಾಗಾಗಿ ಪ್ರತಿ ಸಲ ಟ್ರೇಲರ್ ಕಳಚಿ ನಿಲ್ಲಿಸಬೇಕು. ಪುಟ್ಟ ಟ್ರೇಲರ್, ನೂರು ಮೈಲಿ ಒಳಗಿನ ಕ್ಯಾಂಪ್ ಆದರೆ ಅಡ್ಡಿಯಿಲ್ಲ.

ಹಿಚ್ ಮತ್ತು ಬ್ರೇಕ್

ಹೊರಗಡೆ ಅಂಗಡಿಯಲ್ಲಿ ದೊಡ್ಡ ಹಿಚ್ ಹಾಕಿಸಿದರೆ ಗಾಡಿಯ ಮಿತಿ ಏರುವುದಿಲ್ಲ. ಗಾಡಿ, ಹಿಚ್, ಟ್ರೇಲರ್ ಕೂರುವ ಅದರ ಗುಂಡು, ಎಲ್ಲದರಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ನಿಮ್ಮ ಮಿತಿ. ಕಾರ್ಖಾನೆಯ ಟೋ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಹಿಚ್ ಜೊತೆಗೆ ಟ್ರಾನ್ಸ್‌ಮಿಷನ್ ಆಯಿಲ್ ತಣ್ಣಗಿಡುವ ಕೂಲರ್, ಏಳು ಪಿನ್ನಿನ ವೈರಿಂಗ್ ಎಲ್ಲ ಬರುತ್ತವೆ. ಅದಿರುವ ಗಾಡಿಯನ್ನೇ ಹುಡುಕಿ.

ಹಿಚ್ ರಿಸೀವರಿಗೂ (ಹಿಚ್ ತೂರಿಸುವ ಗಾಡಿಯ ಹಿಂದಿನ ಚೌಕ ತೂತು) ಸ್ಟಿಕ್ಕರ್ ಇರುತ್ತದೆ, ಬಗ್ಗಿ ನೋಡಿ. ಬಹಳಷ್ಟು ಟ್ರಕ್ಕುಗಳಲ್ಲಿ ಅದರಲ್ಲಿ ಎರಡು ಅಂಕಿ: ಸುಮ್ನೆ ಗುಂಡಿನ ಮೇಲೆ ಕೂರಿಸಿದರೆ 5,000, ಭಾರ ಹಂಚುವ ಹಿಚ್ ಹಾಕಿದರೆ 10,000, ಹೀಗೆ. ಈ ಹಿಚ್‌ನ ಕಬ್ಬಿಣದ ಪಟ್ಟಿಗಳು ಹಿಂದಿನ ಆಕ್ಸಲ್ ಮೇಲೆ ಬಿದ್ದ ಭಾರದಲ್ಲಿ ಸ್ವಲ್ಪವನ್ನು ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ದಾಟಿಸುತ್ತವೆ. ಗಾಡಿಯ ಮೂತಿ ಮೇಲೆದ್ದು ಸ್ಟಿಯರಿಂಗ್ ಹಗುರಾಗುವುದು ತಪ್ಪುತ್ತದೆ. ಆದರೆ ಇದು ಪೇಲೋಡ್ ಮಿತಿಯನ್ನು ಹೆಚ್ಚಿಸುವುದಿಲ್ಲ. ಕೆಲವು ಗಾಡಿಗಳ ಮ್ಯಾನ್ಯುಯಲ್ ಇದನ್ನು ಹಾಕಲೇಬಾರದು ಅನ್ನುತ್ತದೆ, ಅದನ್ನೂ ನೋಡಿಕೊಳ್ಳಿ.

ಬ್ರೇಕ್ ವಿಷಯದಲ್ಲಿ ಉಳಿತಾಯ ಬೇಡ. ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ 1,500ಕ್ಕೇ ಬೇಕು. ಅದನ್ನು ಚಲಾಯಿಸುವ ಬ್ರೇಕ್ ಕಂಟ್ರೋಲರ್ ದೊಡ್ಡ ಪಿಕಪ್ಪುಗಳಲ್ಲಿ ಕಾರ್ಖಾನೆಯಿಂದಲೇ ಬರಬಹುದು, ಎಸ್‌ಯುವಿಗಳಲ್ಲಿ ಬಹುತೇಕ ಹೊರಗಿನಿಂದ ಹಾಕಿಸಬೇಕು. ಕಾಲು ಎಷ್ಟು ಒತ್ತಿದಿರಿ ಅನ್ನುವುದಕ್ಕಿಂತ ಗಾಡಿ ಎಷ್ಟು ಬೇಗ ನಿಧಾನವಾಗುತ್ತಿದೆ ಎಂದು ಅಳೆದು ಅದೇ ಪ್ರಮಾಣದಲ್ಲಿ ಟ್ರೇಲರಿನ ಬ್ರೇಕ್ ಹಾಕುವ ಬಗೆಯದನ್ನೇ ತೆಗೆದುಕೊಳ್ಳಿ.

ನೀವು ಹೋಗುವ ದಾರಿ ಯಾವುದು?

ಡಲ್ಲಾಸ್‌ನಲ್ಲಿದ್ದುಕೊಂಡು ಸುತ್ತಮುತ್ತಲ ಕೆರೆಗಳಿಗೆ ಹೋಗುವವರಿಗೂ ಡೆನ್ವರ್‌ನಲ್ಲಿರುವವರಿಗೂ ಒಂದೇ ಸಲಹೆ ಕೊಡಲಾಗದು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಅಲ್ಲಿಗೆ ಹೋಗುವ ಹೊತ್ತಿಗೆ ಎಂಜಿನ್‌ನ ಮೂರನೇ ಒಂದು ಪಾಲು ಶಕ್ತಿ ಹೋಗಿರುತ್ತದೆ. ಅಂಥ ಕಡೆ ಟರ್ಬೊ ಇರುವ ಎಂಜಿನ್ ತೆಗೆದುಕೊಂಡರೆ ಪಶ್ಚಾತ್ತಾಪ ಪಡುವುದಿಲ್ಲ.

ಹತ್ತುವುದಕ್ಕಿಂತ ಇಳಿಯುವುದು ಮುಖ್ಯ. ಬ್ರೇಕ್ ಕಾಯ್ದರೆ ಹಿಡಿಯುವುದಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಭಾರ ಎಳೆಯುವಾಗ ಬಳಸುವ ಟೋ/ಹಾಲ್ ಬಟನ್ ಒತ್ತಿ, ಇಳಿಜಾರಿನಲ್ಲಿ ಗಾಡಿ ತಾನೇ ಕೆಳಗಿನ ಗೇರಿಗೆ ಬಂದು ವೇಗ ಹಿಡಿದಿಡುತ್ತದಾ ನೋಡಿ.

ಗಾಳಿಯನ್ನೂ ಮರೆಯಬೇಡಿ. ಎಂಟಡಿ ಅಗಲ, ಹತ್ತಡಿಗೂ ಎತ್ತರದ ಗೋಡೆಯನ್ನು ಎಳೆಯುತ್ತಿದ್ದೀರಿ. ತೂಕ ಕಡಿಮೆ ಇದ್ದರೂ ಎತ್ತರದ ಟ್ರೇಲರ್ ಸಣ್ಣ ಗಾಡಿಯನ್ನು ಸುಸ್ತು ಮಾಡುತ್ತದೆ. ಅದಕ್ಕೇ ಕೆಲವು ಮ್ಯಾನ್ಯುಯಲ್‌ಗಳಲ್ಲಿ ಟ್ರೇಲರಿನ ಮುಂಭಾಗ ಎಷ್ಟು ಚದರ ಅಡಿ ಇರಬಹುದು ಎಂಬ ಮಿತಿಯೂ ಇರುತ್ತದೆ. ವೇಗಕ್ಕೂ ಆಸೆಪಡಬೇಡಿ: ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಕಟ್ಟಿದವರಿಗೆ ಕಾನೂನು ಕೊಡುವುದೇ 55 ಮೈಲಿ.

ಡೀಲರ್ ಹತ್ತಿರ

"ಇದು ಆರಾಮಾಗಿ ಎಳೆಯುತ್ತೆ ಸರ್" ಎಂಬ ಮಾತಿಗೆ ಬೆಲೆ ಇಲ್ಲ. ಟ್ರೇಲರ್ ಮಾರುವವರು ಗಾಡಿಯ ಬಗ್ಗೆ, ಗಾಡಿ ಮಾರುವವರು ಟ್ರೇಲರ್ ಬಗ್ಗೆ ಧೈರ್ಯ ಹೇಳುತ್ತಾರೆ. ನೀವು ಮಾತ್ರ ಬಾಗಿಲು ತೆಗೆದು ಹಳದಿ ಸ್ಟಿಕ್ಕರಿನ ಫೋಟೋ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಆ ಫೋಟೋ ಕಳಿಸಿದ ಮೇಲೆಯೇ ಮುಂದಿನ ಮಾತು ಎನ್ನಿ. ಸೆಕೆಂಡ್ ಹ್ಯಾಂಡ್ ಆದರೆ ಟೋ ಪ್ಯಾಕೇಜ್ ಕಾರ್ಖಾನೆಯದ್ದಾ ಎಂದು ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಕೊಟ್ಟು ಕಂಪನಿಯ ಡೀಲರ್ ಬಳಿ ಖಚಿತ ಮಾಡಿಕೊಳ್ಳಿ. ಟ್ರಾನ್ಸ್‌ಮಿಷನ್ ಆಯಿಲ್ ಸುಟ್ಟ ವಾಸನೆ ಬಂದರೆ ಹಿಂದಿನವರು ಭಾರ ಎಳೆದು ದಣಿಸಿದ್ದಾರೆ ಎಂದುಕೊಳ್ಳಬಹುದು.

ಕೊಂಡ ಮೇಲೆ ತೂಗಿ

ಇಷ್ಟೆಲ್ಲ ಲೆಕ್ಕ ಅಂದಾಜು. ನಿಜ ತಿಳಿಯುವುದು ತೂಕದ ಕಟ್ಟೆಯಲ್ಲಿ. ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಲಾರಿಯವರದ್ದು ಎಂದು ಸಂಕೋಚ ಬೇಡ, ಎಲ್ಲರೂ ತೂಗಬಹುದು. ಖರ್ಚೂ ಜಾಸ್ತಿ ಇಲ್ಲ.

ಪ್ರವಾಸಕ್ಕೆ ಹೊರಟಂತೆಯೇ ಎಲ್ಲ ತುಂಬಿ, ಎಲ್ಲರನ್ನೂ ಕೂರಿಸಿಕೊಂಡು ಹೋಗಿ. ಗಾಡಿಯ ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರಿನ ಚಕ್ರ ಮೂರನೆಯದರ ಮೇಲೆ. ಭಾರ ಹಂಚುವ ಹಿಚ್‌ನ ಪಟ್ಟಿಗಳನ್ನು ಮೊದಲ ತೂಕಕ್ಕೆ ಬಿಚ್ಚಿರಿ, ಇಲ್ಲದಿದ್ದರೆ ಟಂಗ್ ವೇಟ್ ತಪ್ಪಾಗಿ ಬರುತ್ತದೆ. ಆಮೇಲೆ ಪಟ್ಟಿ ಹಾಕಿ ಇನ್ನೊಮ್ಮೆ. ಕೊನೆಗೆ ಟ್ರೇಲರ್ ಪಾರ್ಕಿಂಗ್‌ನಲ್ಲಿ ಬಿಟ್ಟು, ಜನ ಸಾಮಾನು ಹಾಗೇ ಇದ್ದಂತೆ ಗಾಡಿ ಮಾತ್ರ.

ಒಟ್ಟು ತೂಕದಿಂದ ಗಾಡಿಯ ತೂಕ ಕಳೆದರೆ ಟ್ರೇಲರಿನ ನಿಜವಾದ ತೂಕ. ಅದರಿಂದ ಮೊದಲ ಚೀಟಿಯಲ್ಲಿ ಟ್ರೇಲರಿನ ಚಕ್ರದ ಮೇಲೆ ಬಿದ್ದದ್ದನ್ನು ಕಳೆದರೆ ಟಂಗ್ ವೇಟ್. ಎರಡನೇ ಚೀಟಿಯಲ್ಲಿ ಗಾಡಿಯ ಎರಡೂ ಆಕ್ಸಲ್ ಕೂಡಿಸಿ, ಬಾಗಿಲಿನ ಲೇಬಲ್ಲಿನಲ್ಲಿರುವ ಗಾಡಿಯದೇ ಜಿವಿಡಬ್ಲ್ಯುಆರ್‌ಗೆ ಹೋಲಿಸಿ. ಹಿಂದಿನ ಆಕ್ಸಲ್‌ನ ಮಿತಿ ಬೇರೆಯೇ ಇದೆ, ಪಕ್ಕದ ಲೇಬಲ್‌ನಲ್ಲಿ ಬರೆದಿರುತ್ತದೆ. ಮೊದಲು ಮೀರುವುದು ಬಹಳ ಸಲ ಅದೇ.

ಸ್ವಲ್ಪ ಮೀರಿದ್ದರೆ ನೀರಿನ ಟ್ಯಾಂಕ್ ಖಾಲಿ ಮಾಡಿ, ಕ್ಯಾಂಪಿಗೆ ಹೋದ ಮೇಲೆ ತುಂಬಿಕೊಳ್ಳಿ. ಟ್ಯಾಂಕ್ ಆಕ್ಸಲ್‌ನ ಹಿಂದಿದ್ದರೆ ಖಾಲಿ ಮಾಡಿದಾಗ ಟಂಗ್ ವೇಟ್ ಏರಬಹುದು, ಅದಕ್ಕೆ ಮತ್ತೊಮ್ಮೆ ತೂಗಿ. ಗಾಡಿಯ ಡಿಕ್ಕಿಯಲ್ಲಿರುವ ಭಾರದ ಸಾಮಾನನ್ನು ಟ್ರೇಲರಿನ ಆಕ್ಸಲ್ ಮೇಲಿನ ಕಪಾಟಿಗೆ ಹಾಕಿ. ಇನ್ನೂ ಮೀರುತ್ತಿದ್ದರೆ, ಮನೆಯಲ್ಲಿ ಎರಡನೇ ಕಾರು ಇದ್ದರೆ ಅಪ್ಪ ಅಮ್ಮ ಮತ್ತು ಸೂಟ್‌ಕೇಸುಗಳು ಅದರಲ್ಲಿ ಬರಲಿ.